ಮಾತು ಜೋರಾದಾಗ ಕ್ಯಾರಿಯರ್ ಇಳಿಸಿ, ಮೌನದಲ್ಲಿ ಅಲ್ಲ

ಪ್ರಶ್ನೆ: ನಮ್ಮದು 10 ಕಿಲೋವಾಟ್‌ನ ಮೀಡಿಯಂ ವೇವ್ ನಿಲಯ. ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರ್. ದಿನಕ್ಕೆ 18 ಗಂಟೆ ಪ್ರಸಾರ. ಹಗಲು ಹೆಚ್ಚಾಗಿ ಸುದ್ದಿ, ಮಾತುಕತೆ. ಸಂಜೆಯಾದ ಮೇಲೆ ಹಾಡು. ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ. ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಕ್ಯಾರಿಯರ್ ಕಂಟ್ರೋಲ್ ಎಂಬ ಸೌಲಭ್ಯ ಇದೆ, ಇಷ್ಟು ವರ್ಷ ಆಫ್ ಆಗಿಯೇ ಇತ್ತು. ಸರ್ವೀಸ್‌ಗೆ ಬಂದವರು 'ಇದನ್ನು ಆನ್ ಮಾಡಿ, ಬಿಲ್ ಅರ್ಧ ಆಗುತ್ತೆ' ಅಂದರು. ಆಡಳಿತದವರು ನಾಳೆಯೇ ಮಾಡಿ ಅನ್ನುತ್ತಿದ್ದಾರೆ. ನನ್ನ ಹಿರಿಯ ಸಹೋದ್ಯೋಗಿ ಮಾತ್ರ 'ಕ್ಯಾರಿಯರ್ ಮುಟ್ಟಬೇಡಿ, ವ್ಯಾಪ್ತಿ ಅರ್ಧಕ್ಕೆ ಇಳಿಯುತ್ತೆ, ದೂರದ ಕೇಳುಗರು ಕೈಬಿಟ್ಟು ಹೋಗ್ತಾರೆ' ಅನ್ನುತ್ತಾರೆ. ಮೆನುವಿನಲ್ಲಿ ಎಎಂಸಿ, ಡಿಸಿಸಿ ಎಂದು ಎರಡು ಆಯ್ಕೆ, ಪಕ್ಕದಲ್ಲಿ ಶಕ್ತಿ ಎಷ್ಟು ಇಳಿಯಬೇಕು ಅನ್ನುವುದಕ್ಕೆ 1ರಿಂದ 6 ಡೆಸಿಬೆಲ್‌ವರೆಗೆ ಅಂಕಿ. ಯಾವುದನ್ನು ಆರಿಸಲಿ? ಎಷ್ಟಕ್ಕೆ ಇಡಲಿ? ರಾತ್ರಿ ಪಾಳಿಯವರು ಮೀಟರಿನ ಮುಳ್ಳು ಇಳಿಯುವುದನ್ನು ಕಂಡು ಗಾಬರಿಯಾಗುತ್ತಾರೆ ಅನ್ನುವ ಚಿಂತೆ ಬೇರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಒಟ್ಟಿಗೇ ಇವೆ. ಆನ್ ಮಾಡಿದರೆ ಕೇಳುಗರು ಹೋಗುತ್ತಾರೆ, ಮಾಡದಿದ್ದರೆ ಬಿಲ್ ನಿಲಯವನ್ನೇ ನುಂಗುತ್ತದೆ. ಸರ್ವೀಸ್‌ನವರು ಹೇಳಿದ ಲೆಕ್ಕ ಹಿಗ್ಗಿದ್ದು. ನಿಮ್ಮ ಹಿರಿಯರು ಹೇಳಿದ ಲೆಕ್ಕವೂ ಹಿಗ್ಗಿದ್ದೇ. ಆದರೆ ಹಿರಿಯರ ಅಂಜಿಕೆಗೆ ಒಂದು ನಿಜವಾದ ಕಾರಣ ಇದೆ. ಮೆನುವಿನ ಆ ಎರಡು ಆಯ್ಕೆಗಳಲ್ಲಿ ಒಂದನ್ನು ತಪ್ಪಾಗಿ ಇಟ್ಟರೆ ಅವರು ಹೇಳಿದ್ದು ಸ್ವಲ್ಪ ಮಟ್ಟಿಗೆ ಆಗಿಯೇ ಆಗುತ್ತದೆ. ಅವರ ಮಾತನ್ನು ತಳ್ಳಿಹಾಕಬೇಡಿ.

ಮೊದಲು ವಿದ್ಯುತ್ ಎಲ್ಲಿಗೆ ಹೋಗುತ್ತದೆ ನೋಡೋಣ. ಎಎಂ ಪ್ರಸಾರದಲ್ಲಿ ನಡುವೆ ಕ್ಯಾರಿಯರ್, ಅಂದರೆ ಧ್ವನಿಯನ್ನು ಹೊತ್ತೊಯ್ಯುವ ಮೂಲ ಅಲೆ, ಅದರ ಎರಡೂ ಪಕ್ಕದಲ್ಲಿ ಸೈಡ್‌ಬ್ಯಾಂಡ್. ಮಾತು, ಹಾಡು ಎಲ್ಲ ಇರುವುದು ಸೈಡ್‌ಬ್ಯಾಂಡಿನಲ್ಲಿ. ಕ್ಯಾರಿಯರಿನಲ್ಲಿ ಒಂದಕ್ಷರವೂ ಇಲ್ಲ. 10 ಕಿಲೋವಾಟ್ ಕ್ಯಾರಿಯರಿಗೆ ಒಂದೇ ಸ್ವರವನ್ನು ಪೂರ್ತಿ 100 ಶೇಕಡಾ ಮಾಡ್ಯುಲೇಷನ್‌ನಲ್ಲಿ (ಧ್ವನಿ ಅಲೆಯ ಎತ್ತರವನ್ನು ಏರಿಳಿಸುವ ಪ್ರಮಾಣ) ಕೊಟ್ಟರೆ ಒಟ್ಟು 15 ಕಿಲೋವಾಟ್ ಹೊರಡುತ್ತದೆ. ಅದರಲ್ಲಿ ಸೈಡ್‌ಬ್ಯಾಂಡುಗಳದ್ದು 5 ಮಾತ್ರ. ಇದು ಅತ್ಯುತ್ತಮ ಸ್ಥಿತಿ. ನಿಜವಾದ ಮಾತಿನಲ್ಲಿ ಸರಾಸರಿ ಮಾಡ್ಯುಲೇಷನ್ ಎಷ್ಟೋ ಕಡಿಮೆ. 30 ಶೇಕಡಾ ಅಂತ ಇಟ್ಟುಕೊಂಡರೆ ಸೈಡ್‌ಬ್ಯಾಂಡಿಗೆ ಹೋಗುವುದು 450 ವಾಟ್. ಕ್ಯಾರಿಯರಿಗೆ ಹೋಗುವುದು ಅದೇ 10,000 ವಾಟ್. ಅಂದರೆ ನೀವು ಗಾಳಿಗೆ ಬಿಡುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಏನನ್ನೂ ಹೇಳದೆ ಹೋಗುತ್ತದೆ.

ಇದನ್ನು ಮೊದಲ ಸಲ ಕಾಗದದ ಮೇಲೆ ನೋಡಿದವರಿಗೆಲ್ಲ ಒಂದೇ ಆಸೆ ಹುಟ್ಟುತ್ತದೆ. ಹಾಗಾದರೆ ಕ್ಯಾರಿಯರ್ ಯಾಕೆ ಬೇಕು, ತೆಗೆದೇ ಬಿಡೋಣ ಅಲ್ವಾ? ಬೇಕು. ಮನೆಮನೆಯ ಸಾಮಾನ್ಯ ರೇಡಿಯೊ ಅದನ್ನು ನಂಬಿಕೊಂಡೇ ಕೆಲಸ ಮಾಡುತ್ತದೆ. ಒಂದು ಡಯೋಡ್ ತರಂಗದ ಮೇಲಂಚನ್ನು ಹಿಡಿದು ಧ್ವನಿ ಮಾಡುತ್ತದೆ. ಕ್ಯಾರಿಯರ್ ಸಾಲದಿದ್ದರೆ ಆ ಅಂಚು ಮುರಿದು ಧ್ವನಿ ಒಡೆಯುತ್ತದೆ. ಇನ್ನೊಂದು ಕೆಲಸವೂ ಇದೆ. ರೇಡಿಯೊದ ಒಳಗಿರುವ ಎಜಿಸಿ, ಅಂದರೆ ತನ್ನಷ್ಟಕ್ಕೆ ಶಕ್ತಿ ಏರಿಸಿ ಇಳಿಸುವ ಸರ್ಕ್ಯೂಟ್, ಕ್ಯಾರಿಯರಿನ ಬಲ ನೋಡಿಯೇ ನಡೆಯುತ್ತದೆ. ಕ್ಯಾರಿಯರ್ ಬಲವಾಗಿದ್ದರೆ ಅದು ಸುಮ್ಮನಿರುತ್ತದೆ. ಕ್ಯಾರಿಯರ್ ಇಳಿದರೆ 'ನಿಲಯ ದೂರ ಹೋಯಿತು' ಅಂದುಕೊಂಡು ಶಕ್ತಿ ಏರಿಸುತ್ತದೆ. ಹಾಗೆ ಏರಿಸುವಾಗ ಗಾಳಿಯ ಗೊರಗೊರವನ್ನೂ ಏರಿಸುತ್ತದೆ.

ಈ ಎಜಿಸಿಯ ನಡತೆ ತಿಳಿದರೆ ನಿಮ್ಮ ಮೆನು ಅರ್ಧ ತಿಳಿದಂತೆ.

ಎರಡು ಆಯ್ಕೆಗಳೂ ಒಂದೇ ಮಾತು ಹೇಳುತ್ತವೆ: ಕ್ಯಾರಿಯರ್ ಯಾವಾಗಲೂ ಪೂರ್ತಿ ಇರಬೇಕಿಲ್ಲ, ಕಾರ್ಯಕ್ರಮ ನೋಡಿಕೊಂಡು ಇಳಿಸಬಹುದು. ಯಾವಾಗ ಇಳಿಸುವುದು ಅನ್ನುವುದರಲ್ಲಿ ಮಾತ್ರ ಎರಡೂ ನೇರ ವಿರುದ್ಧ.

ಡಿಸಿಸಿ, ಅಂದರೆ ಡೈನಾಮಿಕ್ ಕ್ಯಾರಿಯರ್ ಕಂಟ್ರೋಲ್, ಹಳೆಯ ಆಲೋಚನೆ. ಅದರ ಬೇರು 1930ರ ದಶಕದ ಜರ್ಮನಿಯಲ್ಲಿದೆ. ಹಾರ್ಬಿಶ್, ಪುಂಗ್ಸ್, ಗೆರ್ಥ್ ಎಂಬ ಮೂವರ ಹೆಸರಿನ ಅಕ್ಷರಗಳನ್ನು ಜೋಡಿಸಿ ಆಗ ಅದನ್ನು ಹಾಪುಗ್ ಎಂದು ಕರೆದರು. ಸದ್ದು ಕಡಿಮೆ ಇದ್ದಾಗ ಕ್ಯಾರಿಯರ್ ಕಡಿಮೆ, ಸದ್ದು ಏರಿದಾಗ ಕ್ಯಾರಿಯರ್ ಪೂರ್ತಿ. ಕೇಳಲು ಎಷ್ಟು ಸರಿ ಅನ್ನಿಸುತ್ತದೆ. ಕೆಲಸ ಇಲ್ಲದಾಗ ಇಳಿಸು, ಇದ್ದಾಗ ಏರಿಸು. ಮುಂದೆ 1980ರ ದಶಕದಲ್ಲಿ ಟೆಲಿಫುಂಕೆನ್‌ನವರು ಡಿಎಎಂ ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿದರು.

ಎಎಂಸಿ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಷನ್ ಕಂಪ್ಯಾಂಡಿಂಗ್, ಬಿಬಿಸಿಯ ಸಂಶೋಧನಾ ವಿಭಾಗದವರು 1980ರ ದಶಕದಲ್ಲಿ ಬೆಳೆಸಿದ್ದು. ಇದು ಮೊದಲ ನೋಟಕ್ಕೆ ತಲೆಕೆಳಗು ಅನ್ನಿಸುತ್ತದೆ. ಮೌನದಲ್ಲಿ ಕ್ಯಾರಿಯರ್ ಪೂರ್ತಿ. ಸದ್ದು ಜೋರಾದಂತೆ ಕ್ಯಾರಿಯರ್, ಸೈಡ್‌ಬ್ಯಾಂಡ್ ಎರಡನ್ನೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ಜೋರಾದಾಗ ಇಳಿಸುವುದೇ? ಹೌದು. ಜೋರು ಸದ್ದಿದ್ದಾಗ ಗೊರಗೊರ ಅದರ ಕೆಳಗೆ ಅಡಗುತ್ತದೆ, ಕಿವಿಗೆ ಬೀಳುವುದಿಲ್ಲ. ರೇಡಿಯೊದ ಎಜಿಸಿ ಕ್ಯಾರಿಯರ್ ಇಳಿದದ್ದನ್ನು ನೋಡಿ ಶಕ್ತಿ ಏರಿಸುತ್ತದೆ, ಇಳಿದ ಧ್ವನಿ ತನ್ನ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮಾತು ನಿಂತ ಕೂಡಲೇ ಕ್ಯಾರಿಯರ್ ಪೂರ್ತಿ ಬಲದಲ್ಲಿ ವಾಪಸ್ ಬಂದು ಗೊರಗೊರವನ್ನು ಅದುಮಿ ಹಿಡಿಯುತ್ತದೆ. ಕಿವಿ ಗೊರಗೊರವನ್ನು ಹುಡುಕುವುದು ಮೌನದಲ್ಲಿ. ಹಾಗಾಗಿ ಮೌನದಲ್ಲಿ ಜಿಪುಣತನ ಮಾಡಬಾರದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ನಿಲಯದಲ್ಲಿ ಮೊದಲು ಡಿಸಿಸಿಯನ್ನೇ ಆನ್ ಮಾಡಿದ್ದೆವು, ಅದೂ ನೇರ 6 ಡೆಸಿಬೆಲ್‌ಗೆ. ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಮಾನಿಟರ್ ಸ್ಪೀಕರಿನಲ್ಲಿ ಎಲ್ಲ ಚೊಕ್ಕವಾಗಿತ್ತು. ಟವರಿನ ಬುಡದಲ್ಲಿ ಯಾವುದು ತಾನೇ ಚೊಕ್ಕವಾಗಿರುವುದಿಲ್ಲ? ಸಂಜೆ ಮೂರು ರೇಡಿಯೊ ಕಾರಿನಲ್ಲಿ ಹಾಕಿಕೊಂಡು ವ್ಯಾಪ್ತಿಯ ಅಂಚಿಗೆ ಹೋದೆ. ಕಾರಿನ ರೇಡಿಯೊ, ಒಂದು ಒಳ್ಳೆಯ ಮೇಜಿನ ರೇಡಿಯೊ, ಒಂದು ಅಂಗೈ ಅಗಲದ ಅಗ್ಗದ ರೇಡಿಯೊ. ಸುದ್ದಿ ನಡೆಯುತ್ತಿತ್ತು. ವಾರ್ತಾ ವಾಚಕಿ ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಗೊರಗೊರ ಮೇಲೆದ್ದು ಬರುತ್ತಿತ್ತು. ಮುಂದಿನ ವಾಕ್ಯ ಶುರುವಾದರೆ ತಟ್ಟನೆ ಅಡಗುತ್ತಿತ್ತು. ಮತ್ತೆ ಉಸಿರು, ಮತ್ತೆ ಗೊರಗೊರ. ಕತ್ತಲಾದ ಮೇಲೆ ಇನ್ನೂ ಕೆಟ್ಟಿತು. ಆ ಸಣ್ಣ ಬಿಡುವುಗಳಲ್ಲಿ ಅದೇ ಆವರ್ತನದ ದೂರದ ನಿಲಯವೊಂದರ ಹಾಡು ಇಣುಕುತ್ತಿತ್ತು. ಹತ್ತು ನಿಮಿಷ ಕೇಳಿದರೆ ತಲೆನೋವು. ಅಂಥ ಪ್ರಸಾರಕ್ಕೆ ಯಾರೂ ದೂರು ಬರೆಯುವುದಿಲ್ಲ, ಸುಮ್ನೆ ಬೇರೆ ನಿಲಯಕ್ಕೆ ತಿರುಗಿಸುತ್ತಾರೆ.

ಮಾರನೇ ವಾರ ಎಎಂಸಿಗೆ ಬದಲಿಸಿ 3 ಡೆಸಿಬೆಲ್‌ಗೆ ಇಟ್ಟು ಅದೇ ಜಾಗಕ್ಕೆ ಹೋದೆ. ಈ ಸಲ ಟ್ರಾನ್ಸ್‌ಮಿಟರ್ ಹತ್ತಿರ ಇದ್ದವರಿಗೆ ಒಂದು ಮಾತು ಹೇಳಿದ್ದೆ: ನಿಮಗೆ ತೋಚಿದಾಗ ಆನ್ ಮಾಡಿ, ತೋಚಿದಾಗ ಆಫ್ ಮಾಡಿ, ಸಮಯ ಬರೆದಿಡಿ, ನನಗೆ ಹೇಳಬೇಡಿ. ನಾನೂ ನನಗೆ ವ್ಯತ್ಯಾಸ ಕೇಳಿಸಿದಾಗಲೆಲ್ಲ ಸಮಯ ಬರೆದುಕೊಂಡೆ. ವಾಪಸ್ ಬಂದು ಎರಡೂ ಚೀಟಿ ಜೋಡಿಸಿ ನೋಡಿದರೆ ಕಾರಿನ ರೇಡಿಯೊ, ಮೇಜಿನ ರೇಡಿಯೊ ಎರಡರಲ್ಲೂ ನನ್ನ ಊಹೆಗಳಿಗೆ ಬುಡವೇ ಇರಲಿಲ್ಲ. ಅಗ್ಗದ ರೇಡಿಯೊದಲ್ಲಿ ಮಾತ್ರ ಸರಿಯಾಗಿ ಹಿಡಿದಿದ್ದೆ. ಅದರಲ್ಲಿ ಹಾಡಿನ ಜೋರು ಭಾಗಗಳು ಒಂಚೂರು ಚಪ್ಪಟೆಯಾಗಿ ಕೇಳುತ್ತಿದ್ದವು. ಕಾರಣ ಸರಳ. ಸಿಗ್ನಲ್ ತೀರಾ ದುರ್ಬಲ ಆದಾಗ ಅಂಥ ರೇಡಿಯೊಗಳ ಎಜಿಸಿ ಆಗಲೇ ತನ್ನ ಪೂರ್ತಿ ಶಕ್ತಿ ಹಾಕಿ ಕೂತಿರುತ್ತದೆ. ಇನ್ನು ಏರಿಸಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಟ್ರಾನ್ಸ್‌ಮಿಟರ್ ಇಳಿಸಿದ್ದು ಹಾಗೇ ಇಳಿದು ಕೇಳುತ್ತದೆ. ಎಎಂಸಿಯ ನಿಜವಾದ ನಷ್ಟ ಇದು. ಮುಚ್ಚಿಡುವುದಿಲ್ಲ. ಆದರೆ ಮಾತು ಅಳಿಸಿಹೋಗುವುದಕ್ಕೂ ಹಾಡು ಒಂಚೂರು ಚಪ್ಪಟೆಯಾಗುವುದಕ್ಕೂ ಬಹಳ ಅಂತರ ಇದೆ.

ವ್ಯಾಪ್ತಿ ಅರ್ಧ ಆಗುತ್ತದೆಯೇ?

ಇಲ್ಲ. 3 ಡೆಸಿಬೆಲ್ ಅಂದರೆ ಶಕ್ತಿ ಅರ್ಧ, ನಿಜ. ಆದರೆ ಶಕ್ತಿ ಅರ್ಧವಾದರೆ ದೂರ ಅರ್ಧ ಆಗುವುದಿಲ್ಲ. ಶಕ್ತಿ ಅರ್ಧವಾದಾಗ ಅಲೆಯ ಬಲ ಸುಮಾರು 71 ಶೇಕಡಾಕ್ಕೆ ಬರುತ್ತದೆ. ಬಲ ದೂರಕ್ಕೆ ತಕ್ಕಂತೆ ನೇರವಾಗಿ ಕುಗ್ಗುವ ಅತ್ಯುತ್ತಮ ನೆಲದಲ್ಲಿ ವ್ಯಾಪ್ತಿಯೂ 71 ಶೇಕಡಾಕ್ಕೆ ಬರುತ್ತದೆ. ಸಾಮಾನ್ಯ ನೆಲ ಅಲೆಯನ್ನು ಹೀರುತ್ತದೆ, ಅಲ್ಲಿ ಬಲ ಇನ್ನೂ ಬೇಗ ಕುಗ್ಗುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವ ಕಡೆ ವ್ಯಾಪ್ತಿ 84 ಶೇಕಡಾ ಉಳಿಯುತ್ತದೆ. ಅದೂ ಯಾವಾಗ? ದಿನವಿಡೀ, ಪ್ರತಿ ಕ್ಷಣ ಅರ್ಧ ಶಕ್ತಿಯಲ್ಲಿ ಓಡಿಸಿದರೆ. ಎಎಂಸಿಯಲ್ಲಿ ಹಾಗೆ ಇಳಿಯುವುದು ಜೋರು ಕ್ಷಣಗಳಲ್ಲಿ ಮಾತ್ರ. ಅಂಚಿನಲ್ಲಿ ಕೇಳುಗನನ್ನು ಹಿಡಿದಿಡುವುದು ಮೌನದ ಹೊತ್ತಿನ ಪೂರ್ತಿ ಕ್ಯಾರಿಯರ್. ಅದು ಹಾಗೇ ಇರುತ್ತದೆ.

ನಿಮ್ಮ ಹಿರಿಯರ ಅನುಭವ ಹಳೆಯ ಡಿಸಿಸಿಯಂಥ ಏರ್ಪಾಟಿನದ್ದು ಆಗಿರಬಹುದು. ಹಾಗಿದ್ದರೆ ಅವರ ಮಾತು ಸರಿ. ರಾತ್ರಿ ಹೊತ್ತು ಅದು ಇನ್ನೂ ಸರಿ. ರಾತ್ರಿ ಆಕಾಶದಿಂದ ತಿರುಗಿ ಬರುವ ಅಲೆಯಲ್ಲಿ ಕ್ಯಾರಿಯರ್ ಒಂದು ಕ್ಷಣ ಕುಸಿದು ಸೈಡ್‌ಬ್ಯಾಂಡ್ ಮಾತ್ರ ಉಳಿಯುವುದುಂಟು. ಆಗ ಧ್ವನಿ ಒಡೆದು ಗೊಗ್ಗರಾಗುತ್ತದೆ. ಡಿಸಿಸಿಯಲ್ಲಿ ಸೈಡ್‌ಬ್ಯಾಂಡ್ ಹಾಗೇ ಇದ್ದು ಕ್ಯಾರಿಯರ್ ಮಾತ್ರ ಕಡಿಮೆಯಾಗಿರುತ್ತದೆ. ಅಂದರೆ ಒಡೆಯುವ ಹಂತಕ್ಕೆ ನೀವೇ ಅರ್ಧ ದಾರಿ ತಂದು ಬಿಟ್ಟಿರುತ್ತೀರಿ. ಎಎಂಸಿಯಲ್ಲಿ ಎರಡೂ ಒಟ್ಟಿಗೆ ಇಳಿಯುವುದರಿಂದ ಆ ಪ್ರಮಾಣ ಕೆಡುವುದಿಲ್ಲ. ಅದೇ ಆವರ್ತನದಲ್ಲಿ ಎರಡು ನಿಲಯಗಳ ಕ್ಯಾರಿಯರ್ ಕೆಲವೇ ಹರ್ಟ್ಸ್ ಹೆಚ್ಚುಕಡಿಮೆ ಇದ್ದರೆ ಧ್ವನಿ ನಿಧಾನವಾಗಿ ಅಲೆಯಂತೆ ಏರಿಳಿಯುತ್ತದೆ, ನೀವೂ ಕೇಳಿರುತ್ತೀರಿ. ಮೌನದಲ್ಲಿ ನಮ್ಮ ಕ್ಯಾರಿಯರ್ ಇಳಿಸಿದರೆ ಆ ಏರಿಳಿತ ಎದ್ದು ಕಾಣುತ್ತದೆ.

ಹಾಗಂತ ಡಿಸಿಸಿ ಯಾವತ್ತೂ ಬೇಡ ಅನ್ನುವುದಿಲ್ಲ. ಕೇಳುಗರೆಲ್ಲ ಟವರಿನ ಹತ್ತಿರವೇ ಇದ್ದು, ಸಿಗ್ನಲ್ ಬಲವಾಗಿ ಬೀಳುವ ಕಡೆ ಅದು ಚೆನ್ನಾಗಿ ಉಳಿಸುತ್ತದೆ. ಮೌನ, ಮೆಲುದನಿ ಜಾಸ್ತಿ ಇರುವ ಕಾರ್ಯಕ್ರಮಗಳಲ್ಲಿ ಎಎಂಸಿಗಿಂತ ಹೆಚ್ಚೇ ಉಳಿಸುತ್ತದೆ. ಕೆಲವು ಟ್ರಾನ್ಸ್‌ಮಿಟರುಗಳಲ್ಲಿ ಪೂರ್ತಿ ಮೌನ ಬಂದಾಗ ಕ್ಯಾರಿಯರನ್ನು ಮತ್ತೆ ಸ್ವಲ್ಪ ಏರಿಸುವ ಮಿಶ್ರ ಏರ್ಪಾಟೂ ಇರುತ್ತದೆ. ನಿಮ್ಮ ಮೆನುವಿನಲ್ಲಿ ಅಂಥದ್ದು ಕಂಡರೆ ಪ್ರಯೋಗ ಮಾಡಬಹುದು. ಆದರೆ ನೀವು ಬರೆದ ಪ್ರಕಾರ ನಿಮ್ಮ ಚಿಂತೆ ದೂರದ ಕೇಳುಗರದ್ದು. ನಿಮಗೆ ಎಎಂಸಿ.

ಬಿಲ್ ಅರ್ಧ ಆಗುತ್ತದೆಯೇ?

ಅದೂ ಇಲ್ಲ. 3 ಡೆಸಿಬೆಲ್ ಅನ್ನುವುದು ಮಾತು ಗರಿಷ್ಠ ಮಟ್ಟದಲ್ಲಿರುವಾಗಿನ ಇಳಿಕೆ, ದಿನದ ಸರಾಸರಿ ಅಲ್ಲ. ಸರಾಸರಿ ಎಷ್ಟು ಅನ್ನುವುದನ್ನು ನಿಮ್ಮ ಕಾರ್ಯಕ್ರಮ ತೀರ್ಮಾನಿಸುತ್ತದೆ. ಬಿಡುವು ಜಾಸ್ತಿ ಇರುವ ಮಾತಿನಲ್ಲಿ 1 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಪ್ರೊಸೆಸ್ ಮಾಡಿದ, ತುಂಬಿ ಕೇಳುವ ಹಾಡಿನಲ್ಲಿ 2. ಈಗ ನಿಮ್ಮ ನಿಲಯಕ್ಕೇ ಲೆಕ್ಕ ಹಾಕೋಣ. ಟ್ರಾನ್ಸ್‌ಮಿಟರಿನ ದಕ್ಷತೆ 86 ಶೇಕಡಾ ಅಂದುಕೊಳ್ಳುತ್ತೇನೆ. ಸರಾಸರಿ ಮಾಡ್ಯುಲೇಷನ್ ಸೇರಿ 10.6 ಕಿಲೋವಾಟ್ ಹೊರಗೆ ಹೋಗುತ್ತಿದ್ದರೆ ಗೋಡೆಯಿಂದ ಎಳೆಯುವುದು ಸುಮಾರು 12.3. ಕೋಣೆಯ ಎಸಿ, ಟವರ್ ದೀಪ, ಉಳಿದದ್ದೆಲ್ಲ ಸೇರಿ 3 ಕಿಲೋವಾಟ್. ಒಟ್ಟು 15.3. ಸರಾಸರಿ 1 ಡೆಸಿಬೆಲ್ ಇಳಿದರೆ ಟ್ರಾನ್ಸ್‌ಮಿಟರ್ 9.8ಕ್ಕೆ ಬರುತ್ತದೆ, 2.5 ಕಿಲೋವಾಟ್ ಉಳಿತಾಯ. 2 ಡೆಸಿಬೆಲ್ ಇಳಿದರೆ 7.8ಕ್ಕೆ ಬರುತ್ತದೆ, 4.5 ಉಳಿತಾಯ. ಒಟ್ಟು ಬಳಕೆಯಲ್ಲಿ ಇದು 16ರಿಂದ 29 ಶೇಕಡಾ. ದಿನಕ್ಕೆ 18 ಗಂಟೆಯಂತೆ ವರ್ಷಕ್ಕೆ ಸುಮಾರು 16,000ದಿಂದ 29,000 ಯೂನಿಟ್. ಅರ್ಧ ಅಲ್ಲ, ಆದರೆ ಬಿಟ್ಟುಕೊಡುವ ಮೊತ್ತವೂ ಅಲ್ಲ. ಬಿಲ್‌ನಲ್ಲಿ ನಿಗದಿತ ಶುಲ್ಕ ಅಂತ ಏನಿದೆಯೋ ಅದು ಇದರಿಂದ ಇಳಿಯುವುದಿಲ್ಲ. ಹಾಗಾಗಿ ಆಡಳಿತದವರಿಗೆ ಹಣದ ಲೆಕ್ಕ ಕೊಡಬೇಡಿ, ಯೂನಿಟ್ ಲೆಕ್ಕ ಕೊಡಿ. ಜನರೇಟರ್ ಮೇಲೆ ಓಡುವ ಗಂಟೆಗಳಿದ್ದರೆ ಅಲ್ಲಿನ ಡೀಸೆಲ್ ಉಳಿತಾಯವನ್ನು ಬೇರೆಯಾಗಿಯೇ ತೋರಿಸಿ.

ಇಲ್ಲಿ ಒಂದು ಆಮಿಷ ಇದೆ, ಎಚ್ಚರ. ಸದ್ದು ದಟ್ಟವಾದಷ್ಟೂ ಎಎಂಸಿ ಜಾಸ್ತಿ ಉಳಿಸುತ್ತದೆ. ಇದನ್ನು ತಿಳಿದ ಕೆಲವರು ಆಡಿಯೊ ಪ್ರೊಸೆಸರನ್ನು ಹಿಂಡಿ ಹಿಂಡಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದುಬಿಡುತ್ತಾರೆ. ಯೂನಿಟ್ ಉಳಿಯುತ್ತದೆ, ಆದರೆ ಕೇಳುವವನ ಕಿವಿ ದಣಿಯುತ್ತದೆ. ಮಾತಿಗೆ ಉಸಿರಾಡಲು ಜಾಗ ಬೇಕು. ದಯವಿಟ್ಟು ಹಾಗೆ ಮಾಡಬೇಡಿ. ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡ್ಯುಲೇಷನ್ ಕಡಿಮೆ ಮಾಡಿ ವಿದ್ಯುತ್ ಉಳಿಸಲು ಹೋಗುವುದು. ಮೇಲಿನ ಲೆಕ್ಕ ನೋಡಿದಿರಲ್ಲ, ಸೈಡ್‌ಬ್ಯಾಂಡಿಗೆ ಹೋಗುವುದೇ ನಾನೂರು ಐನೂರು ವಾಟ್. ಅದರಲ್ಲಿ ಮಿಗಿಸಿ ಏನು ಮಾಡುತ್ತೀರಿ? ಧ್ವನಿ ಸಣ್ಣದಾಗುತ್ತದೆ, ಅಷ್ಟೇ.

ಟ್ರಾನ್ಸ್‌ಮಿಟರಿಗೆ ತೊಂದರೆಯೇ ಎಂದು ನೀವು ಕೇಳಿಲ್ಲ, ಆದರೆ ಆಡಳಿತದವರು ಕೇಳುತ್ತಾರೆ. ಎಎಂಸಿ ಅದಕ್ಕೆ ಒಳ್ಳೆಯದೇ ಮಾಡುತ್ತದೆ. ಮಾಮೂಲಿ ಎಎಂನಲ್ಲಿ ಪೂರ್ತಿ ಮಾಡ್ಯುಲೇಷನ್ ಶಿಖರಕ್ಕೆ ಹೋದಾಗ ಕ್ಷಣದ ಶಕ್ತಿ ಕ್ಯಾರಿಯರಿನ ನಾಲ್ಕು ಪಟ್ಟು, ಅಂದರೆ ನಿಮ್ಮಲ್ಲಿ 40 ಕಿಲೋವಾಟ್. 3 ಡೆಸಿಬೆಲ್ ಎಎಂಸಿಯಲ್ಲಿ ಅದು 20. ಟವರಿನ ಪಕ್ಕದ ಟ್ಯೂನಿಂಗ್ ಕೋಣೆಯ ಕೆಪಾಸಿಟರ್, ಕಾಯಿಲ್, ಟವರಿನ ಬುಡದ ಇನ್ಸುಲೇಟರ್ ಎಲ್ಲಕ್ಕೂ ವೋಲ್ಟೇಜ್ ಒತ್ತಡ ಕಡಿಮೆ. ಡಿಸಿಸಿಯಲ್ಲಿ ಈ ಲಾಭ ಇಲ್ಲ. ಅಲ್ಲಿ ಇನ್ನೊಂದು ಅಪಾಯ ಇದೆ. ಸದ್ದು ತಟ್ಟನೆ ಏರಿದಾಗ ಕ್ಯಾರಿಯರ್ ಅದಕ್ಕಿಂತ ಮೊದಲೇ ಏರಿ ನಿಂತಿರಬೇಕು. ಒಂದಿಷ್ಟು ತಡವಾದರೂ ಕೆಳಗಿನ ಶಿಖರ, ಅಂದರೆ ತರಂಗದ ತಗ್ಗಿನ ತುದಿ, ಕತ್ತರಿಸಿಹೋಗಿ ಪಕ್ಕದ ಚಾನೆಲ್‌ಗೆ ಕಸ ಚೆಲ್ಲುತ್ತದೆ. ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್ ಇರುವವರಿಗೆ ಒಂದು ಮಾತು: ಫಿಲಮೆಂಟ್ ಎಳೆಯುವ ವಿದ್ಯುತ್ ಕ್ಯಾರಿಯರ್ ಇಳಿದರೂ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಉಳಿತಾಯ ಇಷ್ಟು ಬರುವುದಿಲ್ಲ.

ಆನ್ ಮಾಡುವ ಮೊದಲು ಅನುಮತಿಯ ವಿಷಯ ನೋಡಿ. ಪರವಾನಗಿಯಲ್ಲಿ ಬರೆದ ಶಕ್ತಿಗಿಂತ ತೀರಾ ಕೆಳಗೆ ಓಡಿಸುವುದು ಹಲವು ಕಡೆ ನಿಯಮದ ಉಲ್ಲಂಘನೆ. ಅಮೆರಿಕದಲ್ಲಿ ಕ್ಯಾರಿಯರ್ ಶಕ್ತಿ ಪರವಾನಗಿಯ 90ರಿಂದ 105 ಶೇಕಡಾ ನಡುವೆ ಇರಬೇಕು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2011ರಲ್ಲಿ ಈ ತಂತ್ರಗಳಿಗಾಗಿ ಆ ನಿಯಮಕ್ಕೆ ವಿನಾಯಿತಿ ಕೊಡಲು ಒಪ್ಪಿತು. 2015ರಲ್ಲಿ ಇನ್ನೂ ಸಡಿಲಿಸಿ, ಮೊದಲೇ ಅನುಮತಿ ಬೇಡ, ಶುರು ಮಾಡಿದ 10 ದಿನದೊಳಗೆ ತಿಳಿಸಿದರೆ ಸಾಕು ಅಂದಿತು. ಒಂದು ಷರತ್ತು ಮಾತ್ರ ಬಿಡಲಿಲ್ಲ: ಆಡಿಯೊದ ಯಾವುದಾದರೂ ಒಂದು ಮಟ್ಟದಲ್ಲಿ ಪರವಾನಗಿಯ ಪೂರ್ತಿ ಶಕ್ತಿ ಮುಟ್ಟಲೇಬೇಕು. ಎಎಂಸಿ ಅದನ್ನು ಮೌನದಲ್ಲಿ ಮುಟ್ಟುತ್ತದೆ, ಡಿಸಿಸಿ ಜೋರಿನಲ್ಲಿ. ನಿಮ್ಮ ಪರವಾನಗಿ ಕೊಟ್ಟವರ ನಿಯಮ ಏನಿದೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಸಾಲದು. ಆಂಟೆನಾ ಅಳತೆ, ಅಲೆಯ ಬಲದ ಅಳತೆ ಮಾಡುವ ದಿನ ಈ ಸೌಲಭ್ಯವನ್ನು ಆಫ್ ಮಾಡಿಯೇ ಅಳೆಯಿರಿ. ನಾನು ಒಂದು ಸಲ ಮರೆತು ಅರ್ಧ ದಿನ ತಪ್ಪು ಅಂಕಿ ಬರೆದುಕೊಂಡು ಕೂತಿದ್ದೆ, ಎಲ್ಲವನ್ನೂ ಮತ್ತೆ ಅಳೆಯಬೇಕಾಯಿತು.

ಇನ್ನು ನೀವು ಕೇಳದ ಒಂದು ವಿಷಯ. ಕ್ಯಾರಿಯರ್ ಇಳಿಸುವ ಮೊದಲು, ಹೊರಟ ಕ್ಯಾರಿಯರ್ ಗಾಳಿಗೆ ಹೋಗುತ್ತಿದೆಯೇ ನೋಡಿದ್ದೀರಾ? ಟವರಿನ ಬುಡದಿಂದ ನೆಲದೊಳಗೆ ಸುತ್ತಲೂ ಹರಡಿದ ತಾಮ್ರದ ತಂತಿಗಳು ಇರುತ್ತವೆ. 1937ರಲ್ಲಿ ಆರ್‌ಸಿಎ ಸಂಸ್ಥೆಯ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಅಳತೆ ಮಾಡಿ ಪ್ರಕಟಿಸಿದ ಕೆಲಸದಿಂದ 120 ತಂತಿ ಎಂಬ ಲೆಕ್ಕ ರೂಢಿಗೆ ಬಂತು. ಈ ತಂತಿಗಳು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಜೋಡಣೆಗಳು ಹಸಿರು ಹಿಡಿದು ಪುಡಿಯಾಗುತ್ತವೆ, ಯಾರೋ ಗುಂಡಿ ತೋಡುವಾಗ ಕತ್ತರಿಸುತ್ತಾರೆ, ಕಳ್ಳರು ಎಳೆದೊಯ್ಯುತ್ತಾರೆ. ಅಲೆಯ ಉದ್ದದ ಕಾಲು ಭಾಗದಷ್ಟು ಎತ್ತರದ ಟವರಿಗೆ ಪ್ರಸಾರದ ರೋಧ, ಅಂದರೆ ಶಕ್ತಿ ಅಲೆಯಾಗಿ ಹೊರಡುವ ಪಾಲಿನ ರೋಧ, ಸುಮಾರು 36 ಓಮ್. ನೆಲದ ನಷ್ಟ 2 ಓಮ್ ಇದ್ದರೆ ಶಕ್ತಿಯ 95 ಶೇಕಡಾ ಗಾಳಿಗೆ ಹೋಗುತ್ತದೆ. ತಂತಿ ಹಾಳಾಗಿ ಅದು 6 ಓಮ್ ಆದರೆ 86. ಟವರ್ ಗಿಡ್ಡವಾಗಿದ್ದು ಪ್ರಸಾರದ ರೋಧ 10 ಓಮ್ ಮಾತ್ರ ಇದ್ದರೆ ಅದೇ ಬದಲಾವಣೆಯಲ್ಲಿ 83ರಿಂದ 62ಕ್ಕೆ ಬೀಳುತ್ತದೆ. ಉಳಿದದ್ದು ಎರೆಹುಳುಗಳಿಗೆ ಬಿಸಿ ಮಾಡುತ್ತದೆ. ಇಂಥ ಕಡೆ ಎಎಂಸಿ ಆನ್ ಮಾಡಿದರೆ ಮೊದಲೇ ಸೊರಗಿದ ಸಿಗ್ನಲ್ ಇನ್ನಷ್ಟು ಸೊರಗುತ್ತದೆ. ಟವರಿನ ಬುಡದಲ್ಲಿ ಒಂದು ಸಲಿಕೆ ಹಿಡಿದು ನಾಲ್ಕಾರು ಜೋಡಣೆ ಬಗೆದು ನೋಡಿ. ಆಂಟೆನಾ ರೋಧವನ್ನು ಅಳೆದು, ನಿಲಯ ಶುರುವಾದ ಕಾಲದ ಅಂಕಿಯ ಜೊತೆ ಹೋಲಿಸಿ. ಅದು ಏರಿದ್ದರೆ ಮೊದಲ ಖರ್ಚು ಅಲ್ಲಿಗೆ. ಎಸಿ ಫಿಲ್ಟರ್ ತೊಳೆಯುವುದು, ಬ್ಲೋವರಿನ ಧೂಳು ತೆಗೆಯುವುದು ನಿಮಗೆ ಹೇಳಬೇಕಿಲ್ಲ.

ನೆಲ ಸರಿ ಇದೆ ಅಂತಾದರೆ ಹೀಗೆ ಮಾಡಿ. ಎಎಂಸಿ ಆರಿಸಿ, ಮೊದಲ ವಾರ 2 ಡೆಸಿಬೆಲ್‌ಗೆ ಇಡಿ. ಅದಕ್ಕೂ ಹಿಂದಿನ ವಾರದ ಯೂನಿಟ್ ರೀಡಿಂಗ್ ದಿನಾ ಒಂದೇ ಸಮಯಕ್ಕೆ ಬರೆದಿಟ್ಟಿರಿ. ಕಾರ್ಯಕ್ರಮಪಟ್ಟಿ ಒಂದೇ ತರಹ ಇರುವ ಎರಡು ವಾರ ಆರಿಸಿಕೊಳ್ಳಿ, ಹಬ್ಬ, ವಿಶೇಷ ಪ್ರಸಾರದ ವಾರ ಬೇಡ. ಆಸಿಲೋಸ್ಕೋಪಿನಲ್ಲಿ ತರಂಗದ ಅಂಚು ನೋಡಿ, ಕೆಳಶಿಖರ ಕತ್ತರಿಸಿದಂತೆ ಕಂಡರೆ ಅಲ್ಲೇ ನಿಲ್ಲಿಸಿ. ಒಂದು ಹಗಲು, ಒಂದು ರಾತ್ರಿ ಅಂಚಿಗೆ ಹೋಗಿ. ನಿಮ್ಮ ಒಳ್ಳೆಯ ರೇಡಿಯೊ ಮನೆಯಲ್ಲೇ ಇರಲಿ, ಕೇಳುಗರ ಮನೆಯಲ್ಲಿ ಇರುವಂಥ ಸಾಧಾರಣ ರೇಡಿಯೊ ಒಯ್ಯಿರಿ. ಹೇಳದೆ ಆನ್-ಆಫ್ ಮಾಡಿಸುವ ಉಪಾಯ ಮರೆಯಬೇಡಿ, ಇಲ್ಲದಿದ್ದರೆ ಮನಸ್ಸು ಬಯಸಿದ್ದೇ ಕಿವಿಗೆ ಕೇಳುತ್ತದೆ. ನಿಮ್ಮ ಹಿರಿಯ ಸಹೋದ್ಯೋಗಿಯನ್ನೂ ಕರೆದುಕೊಂಡು ಹೋಗಿ. ಅವರು ಅಷ್ಟು ವರ್ಷ ಆ ಪ್ರಸಾರ ಕೇಳಿದ ಕಿವಿ. ಅವರಿಗೆ ಕೇಳಿಸುವ ದೋಷ ನಿಮಗೂ ನನಗೂ ಕೇಳಿಸದೆ ಇರಬಹುದು. ಎಲ್ಲ ಸರಿ ಇದ್ದರೆ ಎರಡನೇ ವಾರ 3ಕ್ಕೆ ಏರಿಸಿ. ಅಲ್ಲಿಗೆ ಸಾಕು. 6 ಡೆಸಿಬೆಲ್ ಅಂದರೆ ಜೋರು ಕ್ಷಣಗಳಲ್ಲಿ ಶಕ್ತಿ ನಾಲ್ಕರಲ್ಲಿ ಒಂದು ಪಾಲು. ಅಗ್ಗದ ರೇಡಿಯೊದಲ್ಲಿ ಆಗ ಚಪ್ಪಟೆತನ ಯಾರಿಗಾದರೂ ಗೊತ್ತಾಗುತ್ತದೆ. ಬಿಲ್ ಎಷ್ಟೇ ಒತ್ತಿದರೂ ದೂರದ ಕೇಳುಗರಿರುವ ನಿಲಯಕ್ಕೆ ನಾನು ಅದನ್ನು ಹೇಳುವುದಿಲ್ಲ.

ಕೊನೆಗೆ ರಾತ್ರಿ ಪಾಳಿಯವರು. ಅವರ ಗಾಬರಿ ಸಹಜ. ಇಷ್ಟು ವರ್ಷ ಆಂಟೆನಾ ಕರೆಂಟ್ ಮೀಟರಿನ ಮುಳ್ಳು ಸದ್ದು ಏರಿದಾಗ ಮೇಲೆ ಹೋಗುವುದನ್ನೇ ಅವರು ನೋಡಿದ್ದಾರೆ. ಪೂರ್ತಿ ಮಾಡ್ಯುಲೇಷನ್ ಸ್ವರಕ್ಕೆ ಅದು 22 ಶೇಕಡಾ ಏರುತ್ತಿತ್ತು. 3 ಡೆಸಿಬೆಲ್ ಎಎಂಸಿಯಲ್ಲಿ ಅದೇ ಸ್ವರಕ್ಕೆ ಮುಳ್ಳು ಮೌನದ ಮಟ್ಟಕ್ಕಿಂತ 13 ಶೇಕಡಾ ಕೆಳಗಿಳಿಯುತ್ತದೆ. ನೋಡಿದವರು 'ಟ್ರಾನ್ಸ್‌ಮಿಟರ್ ಕೆಟ್ಟಿತು' ಅಂದುಕೊಂಡು ರೀಸೆಟ್ ಒತ್ತುವುದು, ಪ್ರಸಾರ ಒಂದು ನಿಮಿಷ ಹೋಗುವುದು ನಾನು ಕಂಡ ಘಟನೆ. ಒಂದು ಸಂಜೆ ಅವರನ್ನು ಮೀಟರಿನ ಮುಂದೆ ನಿಲ್ಲಿಸಿ, ಮೊದಲು ಮೌನ, ಆಮೇಲೆ ಹಾಡು ಹಾಕಿ ತೋರಿಸಿ. ಮೌನದಲ್ಲಿ ಮುಳ್ಳು ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಕೆಂಪು ಗೆರೆ ಎಳೆಯಿರಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: 'ಹಾಡು, ಮಾತು ಬಂದಾಗ ಮುಳ್ಳು ಗೆರೆಗಿಂತ ಕೆಳಗಿಳಿಯುತ್ತದೆ, ಅದು ಸರಿ. ಮೌನದಲ್ಲೂ ಗೆರೆಗೆ ವಾಪಸ್ ಬರದಿದ್ದರೆ ಕೂಡಲೇ ಫೋನ್ ಮಾಡಿ.'